ವಿಜ್ಞಾನೇತಿಹಾಸದ ಪಠ್ಯಕ್ರಮವೂ ಕನ್ನಡ ನಾಡಿನ ಶಾಸ್ತ್ರಗ್ರಂಥಗಳ ಓಲೆಪ್ರತಿಗಳೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠಕ್ಕೆ ಸಂಬಂಧಿಸಿದ ಕ್ರಿ.ಶ. ೧೧೬೨ರ ಶಾಸನವು ಕರ್ನಾಟಕದ ವಿದ್ಯಾಭ್ಯಾಸದ ಇತಿಹಾಸವನ್ನು ಬರೆದವರೆಲ್ಲರೂ ಉಲ್ಲೇಖಿಸುವ ಶಾಸನವಾಗಿದೆ. ಬಿಜ್ಜಳನ ಆಳಿಕೆಯ ಕಾಲದ ಈ ಶಾಸನವನ್ನು ಬಿ.ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ೧೦೨ ಎಂಬ ಸಂಖ್ಯೆಯಡಿ ಕೊಟ್ಟಿದ್ದಾರೆ. ಕಾಳಾಮುಖ ಸಂಪ್ರದಾಯದ ವಾಮಶಕ್ತಿ ಪಂಡಿತದೇವರು ಗುರುಗಳಾಗಿದ್ದ ಆ ಮಠದಲ್ಲಿ ಏನೇನು ಓದಿಸುತ್ತಿದ್ದರೆಂಬುದನ್ನು ಶಾಸನಕವಿಯು ವಿಸ್ತಾರವಾಗಿ ಹೇಳುತ್ತಾನೆ. ಅಂಗಸಹಿತವಾದ ನಾಲ್ಕು ವೇದಗಳು, ಕೌಮಾರ, ಪಾಣಿನೀಯ ಮತ್ತು ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸಾ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಲಾಕುಳ ಸಿದ್ಧಾಂತ, ಯೋಗಶಾಸ್ತ್ರ, ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕಗಳು ಆ ಪಟ್ಟಿಯಲ್ಲಿವೆ. ದೀನರಿಗೂ ಅನಾಥರಿಗೂ ಕುರುಡರಿಗೂ ಕಿವುಡರಿಗೂ ಅಲ್ಲಿ ಅನ್ನ ದೊರೆಯುತ್ತಿದ್ದಿತು. ನಾನಾ ಬಗೆಯ ವ್ಯಾಧಿಗಳಿಂದ ಪೀಡಿತರಾಗಿ ಬಂದವರಿಗೆ ಚಿಕಿತ್ಸೆಯೂ ನಡೆಯುತ್ತಿದ್ದಿತು.

ಈ ಪಟ್ಟಿಯಲ್ಲಿ ಶಾಕಟಾಯನ ವ್ಯಾಕರಣವು ಸೇರಿರುವುದು ಜೈನ ಸಾಹಿತ್ಯದ ಅಭ್ಯಾಸಿಗಳಿಗೆ ವಿಶೇಷವಾಗಿ ಗಮನಾರ್ಹವಾಗಿದೆ. ಅಮೋಘವರ್ಷ ನೃಪತುಂಗನ ಕಾಲದ ಜೈನ ಯತಿ ಪಾಲ್ಯಕೀರ್ತಿಯ ಶಬ್ದಾನುಶಾಸನವು ಶೈವಮಠದಲ್ಲಿ ಪಾಣಿನಿಯ ಪಕ್ಕದಲ್ಲಿಯೇ ಪಾಠವಾಗುತ್ತಿದ್ದಿತೆಂದು ಇದರಿಂದ ತಿಳಿಯುತ್ತದೆ. ಆದರೆ ಪ್ರಸ್ತುತ ಲೇಖನದ ದೃಷ್ಟಿಯಿಂದ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು ಮುಖ್ಯವಾದುದು. ಮಠದಲ್ಲಿ ರೋಗಿಗಳಿಗೆ ಔಷಧವುಂಟು. ಆದರೆ ಓದಿಸುವ ಶಾಸ್ತ್ರಗಳ ಸಾಲಿನಲ್ಲಿ ವೈದ್ಯಶಾಸ್ತ್ರವನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ಜ್ಯೋತಿಷವು ವೇದಾಂಗವೆಂಬ ಕಾರಣದಿಂದ ಒಳಸೇರಿತೆಂದು ಹೇಳಬಹುದು. ಗಣಿತಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಕೆರೆಯ ಏರಿ ಕಟ್ಟುವ, ತೂಬು ಇಡುವ, ಶಿಲೆ ಕಡೆಯುವ ವಿದ್ಯೆಗಳ ಮಾತೇ ಇಲ್ಲ. ಹಾಗಾದರೆ ಆ ಮಠದ ವೈದ್ಯನು ಎಲ್ಲಿ ಓದಿದನು? ಊರ ಕೆರೆಯ ಮಣ್ಣಿನ ಲೆಕ್ಕ ಹಾಕಿದವನು ಯಾವ ಗ್ರಂಥವನ್ನು ಕಲಿತಿದ್ದನು? ಶಾಸನವು ಚಿಕಿತ್ಸೆಯನ್ನು ತೋರಿಸಿ ಅದರ ಕಲಿಕೆಯನ್ನು ಮರೆಮಾಡುತ್ತದೆ. ಮರೆಯಾದ ಆ ಭಾಗವು ಉಳಿದಿದ್ದರೆ ಓಲೆಗರಿಗಳಲ್ಲಿ ಉಳಿದಿದೆ. ವಿಜ್ಞಾನ, ವೈದ್ಯ ಮತ್ತು ತಂತ್ರವಿದ್ಯೆಗಳ ಇತಿಹಾಸವನ್ನು ವಿಶ್ವವಿದ್ಯಾಲಯಗಳಲ್ಲಿ ಬೋಧಿಸುವ ಪ್ರಯತ್ನವು ನಮ್ಮ ನಾಡಿನಲ್ಲಿ ಹಸ್ತಪ್ರತಿಶಾಸ್ತ್ರವನ್ನು ಬಿಟ್ಟು ನಡೆಯಲಾರದೆಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವರಿಸುವುದೇ ಇಲ್ಲಿಯ ಉದ್ದೇಶ.

ಈ ಬಗೆಯ ಬೋಧನೆ ಪ್ರಪಂಚದಲ್ಲಿಯೇ ಬಹಳ ಹಳೆಯದಲ್ಲ. ಬೆಲ್ಜಿಯಂ ದೇಶದ ಜಾರ್ಜ್ ಸಾರ್ಟನ್ನರು ವಿಜ್ಞಾನೇತಿಹಾಸಕ್ಕೇ ಮೀಸಲಾದ 'ಐಸಿಸ್' ಪತ್ರಿಕೆಯನ್ನು ೧೯೧೨ರಲ್ಲಿ ಸ್ಥಾಪಿಸಿದರು. ಅದರ ಮೊದಲ ಸಂಚಿಕೆ ೧೯೧೩ರಲ್ಲಿ ಹೊರಬಂದಿತು. ಮುಂದೆ ಅವರು ಅಮೆರಿಕೆಗೆ ಹೋಗಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ಬೋಧಿಸಿದರು. ಅದೇ ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಮಹಾವೀರಾಚಾರ್ಯನ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಆ ಸಂಪಾದನೆಗೆ ಕನ್ನಡ ಲಿಪಿಯ ಓಲೆಪ್ರತಿಗಳೂ ಆಧಾರವಾಗಿದ್ದುವು. ಗ್ರಂಥಕ್ಕೆ ಪೀಠಿಕೆ ಬರೆದವರು ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಗಣಿತದ ಇತಿಹಾಸವನ್ನು ಬೋಧಿಸುತ್ತಿದ್ದ ಡೇವಿಡ್ ಯೂಜೀನ್ ಸ್ಮಿತ್ತರು. ನೃಪತುಂಗನ ಕಾಲದ ಜೈನ ಗಣಿತಜ್ಞನೊಬ್ಬನು ಹೀಗೆ ಅಮೆರಿಕೆಯ ತರಗತಿಯನ್ನು ಸೇರಿದನು. ನಮ್ಮ ತರಗತಿಗಳಿಗೆ ಅವನು ಬಂದುದು ಬಹಳ ತಡವಾಗಿ.

ಭಾರತದಲ್ಲಿ ವೈದ್ಯದ ಇತಿಹಾಸಕ್ಕೆ ಮೊದಲು ನೆಲೆ ದೊರೆಯಿತು. ಹೈದರಾಬಾದಿನ ಉಸ್ಮಾನಿಯಾ ವೈದ್ಯಕೀಯ ಕಾಲೇಜಿನಲ್ಲಿ ಡಿ.ವಿ. ಸುಬ್ಬಾರೆಡ್ಡಿಯವರ ಶ್ರಮದಿಂದ ೧೯೫೬ರಲ್ಲಿ ಆರಂಭವಾದ ವಿಭಾಗವು ಬೆಳೆದು ರಾಷ್ಟ್ರೀಯ ಸಂಸ್ಥೆಯಾಯಿತು. ವಿಜ್ಞಾನೇತಿಹಾಸದ ಭಾರತೀಯ ಪತ್ರಿಕೆಯು ೧೯೬೬ರಲ್ಲಿ ಹುಟ್ಟಿತು. ಡಿ.ಎಂ. ಬೋಸ್, ಎಸ್.ಎನ್. ಸೇನ್ ಮತ್ತು ಕನ್ನಡಿಗರಾದ ಬಿ.ವಿ. ಸುಬ್ಬರಾಯಪ್ಪನವರು ಸಂಪಾದಿಸಿದ ಭಾರತದ ವಿಜ್ಞಾನದ ಸಂಕ್ಷಿಪ್ತ ಇತಿಹಾಸವು ೧೯೭೧ರಲ್ಲಿ ಹೊರಬಂದು ಅನೇಕ ವರ್ಷಗಳ ಕಾಲ ಈ ವಿಷಯದ ಮುಖ್ಯ ಪಠ್ಯವಾಗಿದ್ದಿತು. ಆಯುರ್ವೇದ ಪದವಿಯ ಮೊದಲ ವರ್ಷದಲ್ಲಿ ಆಯುರ್ವೇದದ ಇತಿಹಾಸವನ್ನು ಓದಿಸುತ್ತಾರೆ. ಅಲ್ಲಿಯ ಆಧಾರ ಬಹುಮಟ್ಟಿಗೆ ಸಂಸ್ಕೃತದ ಸಂಹಿತೆಗಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ಅಧ್ಯಯನಕ್ಕೇ ಒಂದು ವಿಭಾಗವಿದೆ. ೨೦೨೩ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಹೊರಡಿಸಿದ ಮಾರ್ಗಸೂಚಿಯಂತೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಒಟ್ಟು ಕ್ರೆಡಿಟ್‌ಗಳಲ್ಲಿ ಕನಿಷ್ಠ ಶೇಕಡ ೫ರಷ್ಟನ್ನು ಭಾರತೀಯ ಜ್ಞಾನಪರಂಪರೆಯ ಪಠ್ಯಗಳಿಂದ ಪಡೆಯುವಂತೆ ಪ್ರೋತ್ಸಾಹಿಸಬೇಕು. ಹೀಗೆ ಬೇಡಿಕೆಯು ಒಮ್ಮೆಗೇ ಬಂದಿದೆ. ಬೇಡಿಕೆಯಿದ್ದಲ್ಲಿ ಅವಸರದ ಪಠ್ಯಪುಸ್ತಕಗಳೂ ಹುಟ್ಟುತ್ತವೆ. ಅವುಗಳಲ್ಲಿ ಪ್ರಶಂಸೆ ಹೆಚ್ಚು, ಪ್ರಮಾಣ ಕಡಿಮೆ ಆದೀತೆಂಬ ಭಯಕ್ಕೆ ಕಾರಣವಿಲ್ಲದಿಲ್ಲ.

ಮೂಲಸಾಮಗ್ರಿಯ ಮೊತ್ತವನ್ನು ನೋಡಿದರೆ ಈ ಭಯವು ಇನ್ನಷ್ಟು ಸ್ಪಷ್ಟವಾಗುತ್ತದೆ. ಕೆ.ವಿ. ಶರ್ಮರು ಕೇರಳ ಮತ್ತು ತಮಿಳುನಾಡುಗಳ ಭಂಡಾರಗಳನ್ನು ಶೋಧಿಸಿ ೨೦೦೨ರಲ್ಲಿ ಪ್ರಕಟಿಸಿದ ಸೂಚಿಯಲ್ಲಿ ಸಂಸ್ಕೃತದ ವಿಜ್ಞಾನಗ್ರಂಥಗಳೇ ೩,೪೭೩ ಇವೆ. ಅವುಗಳ ಪ್ರತಿಗಳು ೧೨,೨೪೪. ಎರಡು ರಾಜ್ಯಗಳ, ಒಂದೇ ಭಾಷೆಯ ಲೆಕ್ಕವಿದು. ಕರ್ನಾಟಕದ ಮಠಗಳು, ಬಸದಿಗಳು, ಮನೆತನಗಳಲ್ಲಿರುವ ಕನ್ನಡ ಮತ್ತು ಸಂಸ್ಕೃತ ಪ್ರತಿಗಳಿಗೂ ಇಂತಹ ಶೋಧವು ನಡೆಯಬೇಕಾದುದು ಅವಶ್ಯ.

ಇಲ್ಲಿ ಒಂದು ಮೂಲಭೂತ ತೊಡಕಿದೆ. ಹಳಗನ್ನಡವನ್ನೂ ಓಲೆಯ ಲಿಪಿಯನ್ನೂ ಬಲ್ಲವರು ಸಾಮಾನ್ಯವಾಗಿ ಸಾಹಿತ್ಯದ ವಿದ್ಯಾರ್ಥಿಗಳು. ಗಣಿತ ವೈದ್ಯಗಳನ್ನು ಬಲ್ಲವರಿಗೆ ಲಿಪಿಯ ಪರಿಚಯವಿಲ್ಲ. ಮೊದಲನೆಯವರು ಶಾಸ್ತ್ರಗ್ರಂಥವನ್ನು ಕಾವ್ಯದಂತೆ ಸಂಪಾದಿಸುತ್ತಾರೆ. ಎರಡನೆಯವರು ಅಚ್ಚಾದ ಪಾಠವನ್ನು ಪ್ರಶ್ನಿಸದೆ ಸ್ವೀಕರಿಸುತ್ತಾರೆ. ಇದರಿಂದಾಗುವ ಹಾನಿಯು ಕಾವ್ಯಸಂಪಾದನೆಯಲ್ಲಿ ಆಗುವಂತಹುದಲ್ಲ. ಚಂಪೂಕಾವ್ಯದ ಒಂದು ವಿಶೇಷಣದಲ್ಲಿ ಪಾಠಾಂತರವಾದರೆ ರಸಕ್ಕೆ ಅಷ್ಟಿಷ್ಟು ಕೊರತೆಯಾದೀತು. ಔಷಧದ ಪ್ರಮಾಣದಲ್ಲಿ ಒಂದು ಗೆರೆ ತಪ್ಪಿದರೆ ಯೋಗವೇ ಬೇರೆಯಾಗುತ್ತದೆ.

ಸಂಖ್ಯಾವಾಚಕಗಳನ್ನೇ ತೆಗೆದುಕೊಳ್ಳೋಣ. ಛಂದಸ್ಸಿಗೆ ಹೊಂದುವಂತೆ ಅಂಕಿಗಳಿಗೆ ಬದಲಾಗಿ ಪದಾರ್ಥಗಳ ಹೆಸರನ್ನು ಬಳಸುವ ಭೂತಸಂಖ್ಯೆಯ ಪದ್ಧತಿ ಸುಪರಿಚಿತವಾದುದು. ಚಂದ್ರನೆಂದರೆ ಒಂದು, ನಯನವೆಂದರೆ ಎರಡು. ಮೊದಲು ಬಂದ ಪದವು ಏಕಸ್ಥಾನಕ್ಕೆ ಸಲ್ಲುತ್ತದೆ. ಇವು ಎಲ್ಲರಿಗೂ ಸಮಾನ. ಆದರೆ 'ತತ್ತ್ವ' ಎಂಬ ಪದವು ಬಂದಾಗ ಏನು ಮಾಡಬೇಕು? ಸಾಂಖ್ಯರ ತತ್ತ್ವಗಳು ಇಪ್ಪತ್ತೈದು. ಜೈನಸಿದ್ಧಾಂತದಲ್ಲಿ ಜೀವ, ಅಜೀವ, ಆಸ್ರವ, ಬಂಧ, ಸಂವರ, ನಿರ್ಜರೆ, ಮೋಕ್ಷವೆಂದು ಏಳು. ಮಹಾವೀರಾಚಾರ್ಯನಲ್ಲಿ ತತ್ತ್ವವೆಂದರೆ ಏಳು. 'ಪದಾರ್ಥ'ವೂ ಹೀಗೆಯೇ, ವೈಶೇಷಿಕರಿಗೆ ಅದು ಆರು ಅಥವಾ ಏಳು, ಜೈನರಿಗೆ ಪುಣ್ಯ ಪಾಪಗಳು ಸೇರಿ ಒಂಬತ್ತು. ಉದಾಹರಣೆಗಾಗಿ ನಾವೇ ಒಂದು ಸಂಖ್ಯೆಯನ್ನು ಕಟ್ಟೋಣ. ತತ್ತ್ವ, ನಯನ, ಚಂದ್ರ ಎಂಬ ಮೂರು ಪದಗಳು ಈ ಕ್ರಮದಲ್ಲಿ ಬಂದರೆ ಜೈನ ರೀತಿಯಲ್ಲಿ ಅದು ೧೨೭. ಸಾಂಖ್ಯ ರೀತಿಯಲ್ಲಿ ೧೨೨೫. ಕೋಡಿಯಮಠದಲ್ಲಿ ಸಾಂಖ್ಯವನ್ನು ಓದಿದ ವಿದ್ಯಾರ್ಥಿಯೂ ಅದೇ ತಾಲ್ಲೂಕಿನ ಬಂದಳಿಕೆಯ ಬಸದಿಯಲ್ಲಿ ಸಿದ್ಧಾಂತವನ್ನು ಕೇಳಿದ ಶ್ರಾವಕನೂ ಒಂದೇ ಓಲೆಯನ್ನು ಎದುರಿಗಿಟ್ಟುಕೊಂಡು ಎರಡು ಉತ್ತರಗಳನ್ನು ಕೊಟ್ಟಿದ್ದರೆ ಆಶ್ಚರ್ಯವಿಲ್ಲ. ಇಂದಿನ ಸಂಪಾದಕನೂ ಅದೇ ಕವಲಿನಲ್ಲಿ ನಿಂತಿರುತ್ತಾನೆ. ಅವನಿಗೆ ಲಿಪಿ ತಿಳಿದರೆ ಸಾಲದು, ಗಣಿತ ತಿಳಿದರೆ ಸಾಲದು, ಗ್ರಂಥಕರ್ತನ ಮತದ ಪರಿಭಾಷೆಯೂ ತಿಳಿದಿರಬೇಕು.

ಭಿನ್ನರಾಶಿಗಳ ವಿಷಯದಲ್ಲಿ ಬೇರೊಂದು ಅಪಾಯವಿದೆ. ನಮ್ಮ ಹಳೆಯ ಲೆಕ್ಕದ ರೂಢಿಯಲ್ಲಿ ಕಾಲು, ಅರೆ, ಮುಕ್ಕಾಲುಗಳನ್ನು ಅಂಕಿಯ ಮುಂದೆ ಒಂದು, ಎರಡು, ಮೂರು ಲಂಬ ಗೆರೆಗಳನ್ನೆಳೆದು ಸೂಚಿಸುತ್ತಿದ್ದರು. ಪದ್ಯಾರ್ಧದ ಕೊನೆಗೂ ಪದ್ಯದ ಕೊನೆಗೂ ಹಾಕುವ ಗೆರೆಗಳೂ ಅಂತಹವೇ. ಗದ್ಯಾಣ, ಹಾಗ ಮೊದಲಾದ ತೂಕಗಳನ್ನು ಹೇಳುವ ವೈದ್ಯದ ಟಿಪ್ಪಣಿಯಲ್ಲಿ ಸಾಲಿನ ಕೊನೆಗೆ ಬಂದ ಗೆರೆಯು ವಿರಾಮವೋ ಕಾಲುಭಾಗವೋ ಎಂದು ತೀರ್ಮಾನಿಸುವುದಕ್ಕೆ ವ್ಯಾಕರಣವು ನೆರವಾಗದು. ಔಷಧದ ಇತರ ದ್ರವ್ಯಗಳ ಪ್ರಮಾಣವನ್ನು ತಾಳೆ ನೋಡಬೇಕಾಗುತ್ತದೆ. ೬ ಮತ್ತು ೯ರ ಅಂಕಿಗಳು ಅವಸರದ ಕಂಟದ ಬರೆವಣಿಗೆಯಲ್ಲಿ ಒಂದನ್ನೊಂದು ಹೋಲುವುದನ್ನು ಪ್ರತಿಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ.

ಈ ಎರಡು ವರ್ಗದ ವಿದ್ವಾಂಸರು ಕೂಡಿ ಕೆಲಸ ಮಾಡಿದಾಗ ಏನಾಗುತ್ತದೆಂಬುದಕ್ಕೆ ಒಳ್ಳೆಯ ಮಾದರಿಯೂ ಇದೆ. ವೀರಸೇನಾಚಾರ್ಯನ ಧವಳಾ ಟೀಕೆಯು ಮೂಡಬಿದಿರೆಯ ಸಿದ್ಧಾಂತ ಬಸದಿಯ ಹಳಗನ್ನಡ ಲಿಪಿಯ ತಾಡವೋಲೆಗಳಲ್ಲಿ ಉಳಿದುಬಂದಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದು ೧೯೩೯ರಿಂದ ಸಂಪುಟ ಸಂಪುಟವಾಗಿ ಪ್ರಕಟವಾಗತೊಡಗಿದಾಗ ೧೯೪೨ರ ನಾಲ್ಕನೆಯ ಸಂಪುಟಕ್ಕೆ ಲಖನೌ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕರಾದ ಎ.ಎನ್. ಸಿಂಗರಿಂದ ಧವಳೆಯ ಗಣಿತವನ್ನು ಕುರಿತು ಲೇಖನವನ್ನು ಬರೆಯಿಸಿದರು. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಬಹುದೆಂಬುದೇ ಅದರ 'ಅರ್ಧಚ್ಛೇದ'. ೧೬ಕ್ಕೆ ನಾಲ್ಕು, ೩೨ಕ್ಕೆ ಐದು. ಎರಡನ್ನು ಆಧಾರವಾಗಿಟ್ಟ ಲಘುಗಣಕವೆಂದು ಇಂದಿನ ವಿದ್ಯಾರ್ಥಿಯು ಕರೆಯುವ ಭಾವನೆಯೇ ಇದು. ಲೋಕದ ಪ್ರಮಾಣವನ್ನೂ ಜೀವರಾಶಿಯ ಎಣಿಕೆಯನ್ನೂ ಹೇಳಬೇಕಾದ ಸಿದ್ಧಾಂತದ ಅವಶ್ಯಕತೆಯಿಂದ ಈ ಗಣಿತವು ಬೆಳೆಯಿತು. ಗಣಿತಜ್ಞನ ಕಣ್ಣಿಗೆ ಬೀಳದೆ ಹೋಗಿದ್ದರೆ ಕರ್ಮಸಿದ್ಧಾಂತದ ಪುಟಗಳ ನಡುವೆ ಅದು ಯಾರ ಗಮನಕ್ಕೂ ಬಾರದೆ ಉಳಿಯುತ್ತಿದ್ದಿತು.

ಇನ್ನು ತಂತ್ರವಿದ್ಯೆಯ ಕಡೆಗೆ ಬರೋಣ. ಬಳ್ಳಿಗಾವೆ, ತಾಳಗುಂದ, ಬಂದಳಿಕೆ, ಸೊರಬದ ಕಡೆಯ ಕುಪ್ಪಟೂರು ಇವೆಲ್ಲ ಇರುವ ಶಿಕಾರಿಪುರ-ಸೊರಬ ಸೀಮೆಯು ಕೆರೆಗಳ ಸೀಮೆ. ಇಲ್ಲಿಯ ಅಂಬ್ಲಿಗೊಳದ ಹೆಸರಿನ ಉತ್ತರಪದವು ಬೆಳ್ಗೊಳದಲ್ಲಿರುವ 'ಕೊಳ'ವೇ ಎಂದು ಊಹಿಸಲು ಅಡ್ಡಿಯಿಲ್ಲ. ಇಂದು ಅಂಬ್ಲಿಗೊಳವೆಂದರೆ ಜನರಿಗೆ ನೆನಪಾಗುವುದು ಅಲ್ಲಿಯ ನೀರಾವರಿ ಜಲಾಶಯ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭದ ಮೇಲಿರುವ ಐದನೆಯ ಶತಮಾನದ ಸಂಸ್ಕೃತ ಶಾಸನವು ಕದಂಬ ಕಾಕುತ್ಸ್ಥವರ್ಮನು ಕಟ್ಟಿಸಿದ ತಟಾಕವನ್ನು ಹೇಳುವುದಕ್ಕಾಗಿಯೇ ಹುಟ್ಟಿದುದು. ಶಾಂತಿವರ್ಮನ ಕಾಲದಲ್ಲಿ ಅದನ್ನು ರಚಿಸಿದ ಕುಬ್ಜಕವಿಯು ಮಯೂರಶರ್ಮನ ಕಂಚಿಯ ಘಟಿಕೆಯ ವೃತ್ತಾಂತವನ್ನು ಹೇಳಿದುದರಿಂದ ಇತಿಹಾಸಕಾರರೆಲ್ಲರೂ ರಾಜವಂಶದ ಕಡೆಗೇ ನೋಡಿದರು. ಕೆರೆಯನ್ನು ನೋಡಿದವರು ಕಡಿಮೆ.

ಕೆರೆ ಕಟ್ಟೆಗಳ ಅಗೆತದ ಲೆಕ್ಕವು ಗಣಿತಸಾರಸಂಗ್ರಹದ 'ಖಾತವ್ಯವಹಾರ'ದಲ್ಲಿದೆ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗುತ್ತ ಹೋಗುವ ಹೊಂಡದ ಘನಫಲವನ್ನು ತಿಳಿಯಲು ಮಹಾವೀರನು ಮೂರು ಫಲಗಳನ್ನು ಹೇಳುತ್ತಾನೆ. ಮೇಲಿನ ಮತ್ತು ತಳದ ಅಳತೆಗಳ ಸರಾಸರಿಯನ್ನು ಹಿಡಿದು ಮಾಡುವುದು 'ಕರ್ಮಾಂತಿಕ'. ಮೇಲಿನ ಮತ್ತು ತಳದ ಕ್ಷೇತ್ರಫಲಗಳ ಸರಾಸರಿಯನ್ನು ಹಿಡಿದು ಮಾಡುವುದು 'ಔಂಡ್ರ'. ಔಂಡ್ರದಿಂದ ಕರ್ಮಾಂತಿಕವನ್ನು ಕಳೆದು, ಉಳಿದುದರ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿದರೆ ಬರುವುದು ಸೂಕ್ಷ್ಮಫಲ. ಮೇಲೆ ೨೦ ಮೊಳ ಚೌಕ, ತಳದಲ್ಲಿ ೧೦ ಮೊಳ ಚೌಕ, ಆಳ ೯ ಮೊಳದ ಒಂದು ಕಲ್ಯಾಣಿಯನ್ನು ಭಾವಿಸಿಕೊಳ್ಳೋಣ. ಸರಾಸರಿ ಬದಿ ೧೫, ಅದರ ವರ್ಗ ೨೨೫; ಆಳದಿಂದ ಗುಣಿಸಿದರೆ ಕರ್ಮಾಂತಿಕ ಫಲ ೨,೦೨೫ ಘನಮೊಳ. ಕ್ಷೇತ್ರಗಳು ೪೦೦ ಮತ್ತು ೧೦೦, ಸರಾಸರಿ ೨೫೦. ಔಂಡ್ರ ಫಲ ೨,೨೫೦. ವ್ಯತ್ಯಾಸ ೨೨೫, ಅದರ ಮೂರನೆಯ ಒಂದು ಭಾಗ ೭೫, ಕೂಡಿದರೆ ೨,೧೦೦. ಇಂದಿನ ಗಣಿತದ ಸೂತ್ರದಿಂದಲೂ ಉತ್ತರ ಅದೇ. ಮಣ್ಣು ಹೊರುವವರಿಗೆ ಕೂಲಿಯನ್ನು ಅಗೆತದ ಪ್ರಮಾಣದ ಮೇಲೆ ಕೊಡುವಲ್ಲಿ ೨,೦೨೫ಕ್ಕೂ ೨,೨೫೦ಕ್ಕೂ ಇರುವ ಅಂತರವು ಬರಿಯ ಶಾಸ್ತ್ರಚರ್ಚೆಯಲ್ಲ.

ಈ ವಿಧಾನವು ಮಹಾವೀರನಿಗಿಂತ ಹಿಂದಿನ ಬ್ರಹ್ಮಗುಪ್ತನಲ್ಲಿಯೂ ಇದೆ. ಅವನಲ್ಲಿ ಎರಡನೆಯ ಫಲದ ಹೆಸರು 'ಔತ್ರ'. ಔತ್ರವು ಔಂಡ್ರವಾಯಿತೋ, ಎರಡೂ ಬೇರೆ ಸಂಪ್ರದಾಯಗಳೋ ಎಂಬ ಪ್ರಶ್ನೆಯನ್ನು ಬಿಡಿಸಲು ಸೂತ್ರವು ಉಪಯೋಗಕ್ಕೆ ಬಾರದು, ಪ್ರತಿಗಳ ಪಾಠಾಂತರಗಳೇ ಬೇಕು. ಗಣಿತದ ತರಗತಿಯು ಹಸ್ತಪ್ರತಿಯ ತರಗತಿಯಾಗಿ ಮಾರ್ಪಡುವುದು ಇಂತಹ ಸ್ಥಳದಲ್ಲಿ.

ಮಹಾವೀರನನ್ನು ಓದಿಸುವಾಗ ಅವನ ತಪ್ಪನ್ನೂ ಓದಿಸಬೇಕು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವನು ಸ್ಪಷ್ಟವಾಗಿ ಹೇಳಿದುದನ್ನು ಎಲ್ಲರೂ ಹೊಗಳುತ್ತಾರೆ. ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುತ್ತದೆಂದು ಅವನು ಹೇಳಿದುದೂ ಅದೇ ಸಂಜ್ಞಾಧಿಕಾರದಲ್ಲಿದೆ. ಎರಡನೆಯದನ್ನು ಮುಚ್ಚಿಟ್ಟು ಮೊದಲನೆಯದನ್ನು ಮಾತ್ರ ತೋರಿಸುವ ಪಠ್ಯವು ಸ್ತುತಿಪಾಠವಾದೀತು. ಸೊನ್ನೆಯ ಭಾಗಾಕಾರದಲ್ಲಿ ನಮ್ಮ ಗಣಿತಜ್ಞರು ಯಾವ ಯಾವ ಹಾದಿ ಹಿಡಿದರೆಂಬುದೇ ಇತಿಹಾಸದ ಒಂದು ಸ್ವಾರಸ್ಯವಾದ ಪಾಠ.

ವೈದ್ಯದ ವಿಷಯದಲ್ಲಿ ಸಾಮಗ್ರಿಯು ಇನ್ನೂ ಸಮೃದ್ಧವಾಗಿದೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯನ ಕಲ್ಯಾಣಕಾರಕವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದಿ ಅನುವಾದದೊಡನೆ ೧೯೪೦ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು. ಅದರಲ್ಲಿ ಗ್ರಂಥಕರ್ತನು ತನಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ಅಂಗಾನುಸಾರವಾಗಿ ಹೆಸರಿಸುತ್ತಾನೆ. ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷ ಮತ್ತು ಉಗ್ರಗ್ರಹಗಳ ಶಮನಕ್ಕೆ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥಗುರು, ಮಕ್ಕಳ ಚಿಕಿತ್ಸೆಗೆ ಮೇಘನಾದ, ವಾಜೀಕರಣ ರಸಾಯನಗಳಿಗೆ ಸಿಂಹನಾದ. ಎಂಟು ಅಂಗಗಳನ್ನೂ ವಿಸ್ತಾರವಾಗಿ ಹೇಳಿದವನು ಸಮಂತಭದ್ರ. ಕೋಡಿಯಮಠದ ಪಟ್ಟಿಯಲ್ಲಿ ನಮಗೆ ಸಿಗದ ವೈದ್ಯಪಾಠವು ಇಲ್ಲಿ ವಿಭಾಗ ವಿಭಾಗವಾಗಿ ಸಿಗುತ್ತದೆ. ಗುರುವಿನಿಂದ ಶಿಷ್ಯನಿಗೆ ಇಳಿದುಬಂದ ಈ ವಿದ್ಯೆಗೆ ಶಾಸನಸ್ಥವಾದ ದತ್ತಿಗಿಂತ ಯತಿಪರಂಪರೆಯೇ ಆಸರೆಯಾಗಿದ್ದಿರಬೇಕು.

ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ವೈದ್ಯವಿದು. ಚರಕ ಸುಶ್ರುತರ ಅನೇಕ ಯೋಗಗಳಲ್ಲಿ ಮಾಂಸರಸವೂ ಜೇನೂ ಬರುತ್ತವೆ. ಅವನ್ನು ತೆಗೆದಾಗ ಆ ಸ್ಥಾನಕ್ಕೆ ಯಾವ ದ್ರವ್ಯವನ್ನು ತಂದರು, ಅದರಿಂದ ಔಷಧದ ಪಾಕವಿಧಾನವು ಹೇಗೆ ಬದಲಾಯಿತು ಎಂಬುದನ್ನು ಯೋಗ ಯೋಗಕ್ಕೆ ತಾಳೆಹಾಕಿ ನೋಡುವುದು ಸ್ನಾತಕೋತ್ತರ ವಿದ್ಯಾರ್ಥಿಗೆ ತಕ್ಕ ಕೆಲಸ. ಅಹಿಂಸಾವ್ರತವು ಔಷಧಶಾಸ್ತ್ರವನ್ನು ಹೊಸ ಪ್ರಯೋಗಗಳಿಗೆ ದೂಡಿದ ಪ್ರಸಂಗವಿದು. ಇದೇ ನಿಯಮವನ್ನಿಟ್ಟುಕೊಂಡು ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದನ ಕೃತಿಯನ್ನು ಕನ್ನಡಿಸಿದನು; ಕೀರ್ತಿವರ್ಮನು ಗೋವೈದ್ಯವನ್ನು ಬರೆದನು; ಹದಿನಾಲ್ಕನೆಯ ಶತಮಾನದ ಮಂಗರಾಜನು ಸ್ಥಾವರ ಜಂಗಮ ವಿಷಗಳ ಚಿಕಿತ್ಸೆಯನ್ನು ಹದಿನಾರು ಅಧಿಕಾರಗಳ ಖಗೇಂದ್ರಮಣಿದರ್ಪಣದಲ್ಲಿ ಹೇಳಿದನು. ಮಂಗರಾಜನ ಗ್ರಂಥವು ೧೯೪೨ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಅಚ್ಚಾಯಿತು. ಸಾಹಿತ್ಯಚರಿತ್ರೆಗಳಲ್ಲಿ ಇವರೆಲ್ಲರಿಗೂ ಒಂದೊಂದು ವಾಕ್ಯದ ಸ್ಥಾನವಿದೆ; ವೈದ್ಯೇತಿಹಾಸದಲ್ಲಿ ಅಷ್ಟೂ ಇಲ್ಲ.

ಬಂದಳಿಕೆಯ ಹತ್ತನೆಯ ಶತಮಾನದ ಆರಂಭದ ಒಂದು ಶಾಸನವನ್ನು ಈ ಗ್ರಂಥಗಳ ಜೊತೆಯಲ್ಲಿಟ್ಟು ಓದಬೇಕು. ನಾಗರಖಂಡ ಎಪ್ಪತ್ತನ್ನು ಗಂಡನ ತರುವಾಯ ಆಳಿದ ಜಕ್ಕಿಯಬ್ಬೆಯು ದೇಹಕ್ಕೆ ವ್ಯಾಧಿಯು ಅಡಸಿದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ, ಬಂದಳಿಕೆಯ ತೀರ್ಥಕ್ಕೆ ಬಂದು, ಬಸದಿಯಲ್ಲಿ ಸಲ್ಲೇಖನದಿಂದ ಮುಡಿಪಿದಳು. ಪ್ರತೀಕಾರವಿಲ್ಲದ ರೋಗವು ಒದಗಿದಾಗ ಈ ವ್ರತವನ್ನು ಕೈಕೊಳ್ಳಬಹುದೆಂದು ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ವಿಧಿಸುತ್ತದೆ. ಪ್ರತೀಕಾರವಿಲ್ಲವೆಂದು ನಿ‍ರ್ಣಯಿಸುವವರು ಯಾರು? ಅದಕ್ಕೆ ವೈದ್ಯದ ಅರಿವು ಬೇಕು. ಕಲ್ಯಾಣಕಾರಕದ ಕೊನೆಗೆ ಮರಣಸೂಚಕ ಲಕ್ಷಣಗಳನ್ನು ಹೇಳುವ ರಿಷ್ಟಾಧ್ಯಾಯವಿರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗಿ ಕಾಣುತ್ತದೆ. ಒಂದೇ ತಾಲ್ಲೂಕಿನ ಎರಡು ಶಿಲೆಗಳಲ್ಲಿ ಒಂದು ರೋಗಿಯ ಚಿಕಿತ್ಸೆಯನ್ನೂ ಇನ್ನೊಂದು ಚಿಕಿತ್ಸೆಯ ಎಲ್ಲೆಯನ್ನೂ ತೋರಿಸುತ್ತದೆ. ಶಾಸನವನ್ನು ಧರ್ಮೇತಿಹಾಸಕ್ಕೂ ಓಲೆಯನ್ನು ಸಾಹಿತ್ಯಕ್ಕೂ ಹಂಚಿಕೊಟ್ಟಿರುವ ಇಂದಿನ ವಿಭಾಗವ್ಯವಸ್ಥೆಯಲ್ಲಿ ಈ ಸಂಬಂಧವು ಯಾರ ಪಾಲಿಗೂ ಬರುವುದಿಲ್ಲ.

ಮೂಲಿಕೆಗಳ ಹೆಸರುಗಳು ಬೇರೆಯೇ ಒಂದು ಪ್ರಪಂಚ. 'ಬ್ರಾಹ್ಮಿ' ಎಂದರೆ ಮಲೆನಾಡಿನಲ್ಲಿ ಬಹುಮಂದಿಗೆ ಒಂದೆಲಗ. ಬೇರೆ ಕಡೆಗಳಲ್ಲಿ ನೀರುಬ್ರಾಹ್ಮಿ. ಎರಡೂ ಬೇರೆ ಬೇರೆ ಕುಲದ ಸಸ್ಯಗಳು. ಪ್ರತಿಯು ಯಾವ ಸೀಮೆಯಲ್ಲಿ ನಕಲಾಯಿತೆಂಬುದು ತಿಳಿಯದೆ ಈ ಹೆಸರು ಯಾವ ಗಿಡಕ್ಕೆ ಸಲ್ಲುತ್ತದೆಂದು ಹೇಳಲಾಗದು. ಆದ್ದರಿಂದ ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆದ ಊರು, ಸಂವತ್ಸರ, ಒಡೆಯನ ಹೆಸರುಗಳು ಕಾವ್ಯದ ಪ್ರತಿಯಲ್ಲಿರುವುದಕ್ಕಿಂತ ವೈದ್ಯದ ಪ್ರತಿಯಲ್ಲಿ ಹೆಚ್ಚು ಬೆಲೆಯುಳ್ಳವು. ಅಚ್ಚಿನ ವೇಳೆ ಅವನ್ನು ಕೈಬಿಡುವ ಸಂಪಾದಕನು ಸಸ್ಯಶಾಸ್ತ್ರಜ್ಞನ ಕೈಯನ್ನೇ ಕತ್ತರಿಸಿದಂತೆ.

ಇಂತಹ ಪಠ್ಯಕ್ರಮವು ಒಬ್ಬ ವ್ಯಕ್ತಿಯನ್ನು ನೆಮ್ಮಿ ನಿಲ್ಲಬಾರದೆಂಬುದಕ್ಕೆ ಹೊರದೇಶದ ನಿದರ್ಶನವೊಂದಿದೆ. ಅಮೆರಿಕೆಯ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಒಟೊ ನಾಯ್ಗೆಬಾವರ್ ಅವರಿಗಾಗಿ ೧೯೪೭ರಲ್ಲಿ ಗಣಿತೇತಿಹಾಸದ ವಿಭಾಗವು ಆರಂಭವಾಯಿತು. ಅಲ್ಲಿಗೆ ೧೯೭೧ರಲ್ಲಿ ಬಂದ ಡೇವಿಡ್ ಪಿಂಗ್ರಿಯವರು ಸಂಸ್ಕೃತದ ಜ್ಯೋತಿಷ ಗಣಿತಗಳ ಪ್ರತಿಗಳನ್ನು ಕುರಿತು ಐದು ಸಂಪುಟಗಳ ಸೂಚಿಯನ್ನು ೧೯೭೦ರಿಂದ ೧೯೯೪ರ ವರೆಗೆ ಪ್ರಕಟಿಸಿದರು. ಮೂಲಭಾಷೆಯಲ್ಲಿ, ಮೂಲಲಿಪಿಯಲ್ಲಿ ಓದದೆ ಅಲ್ಲಿ ಯಾರಿಗೂ ಪದವಿ ದೊರೆಯುತ್ತಿರಲಿಲ್ಲ. ೨೦೦೫ರಲ್ಲಿ ಪಿಂಗ್ರಿಯವರು ತೀರಿಕೊಂಡ ಬಳಿಕ ಆ ವಿಭಾಗವೇ ಮುಚ್ಚಿತು. ಭಂಡಾರದಲ್ಲಿ ಓಲೆಯು ಹುಳು ತಿಂದು ಹೋಗುವಂತೆ ಓದುವ ಕುಶಲತೆಯೂ ಒಂದು ತಲೆಮಾರಿನಲ್ಲಿ ಹೋಗಿಬಿಡಬಹುದು.

ನಮ್ಮಲ್ಲಿ ಈ ಬೋಧನೆಗೆ ಹೊಸ ಕಟ್ಟಡವಾಗಲಿ ದೊಡ್ಡ ವಿಭಾಗವಾಗಲಿ ಮೊದಲಿಗೆ ಬೇಕಾಗಿಲ್ಲ. ಒಂದು ವರ್ಷದ ವ್ಯಾಸಂಗವೆಂದಿಟ್ಟುಕೊಂಡರೆ ಮೊದಲ ಅರ್ಧದಲ್ಲಿ ಲಿಪಿ, ಅಂಕಿ, ಭಿನ್ನರಾಶಿ, ತೂಕ ಅಳತೆಗಳ ಪರಿಚಯ. ಎರಡನೆಯ ಅರ್ಧದಲ್ಲಿ ಒಂದೇ ಗ್ರಂಥದ ಒಂದೇ ಅಧಿಕಾರವನ್ನು ಮೂವರು ಅಧ್ಯಾಪಕರು ಕೂಡಿ ಪಾಠ ಹೇಳಬೇಕು: ಹಸ್ತಪ್ರತಿಯನ್ನು ಬಲ್ಲವರು ಒಬ್ಬರು, ಆಯಾ ಶಾಸ್ತ್ರವನ್ನು ಬಲ್ಲವರು ಒಬ್ಬರು, ದರ್ಶನವನ್ನು ಬಲ್ಲವರು ಇನ್ನೊಬ್ಬರು. ವಿದ್ಯಾರ್ಥಿಗಳು ಬೇರೆ ಬೇರೆ ವಿಭಾಗಗಳಿಂದ ಬಂದವರಾದರೆ ಒಳ್ಳೆಯದು. ಓಲೆಯೊಂದರ ಸುತ್ತ ಕುಳಿತಾಗ ಕನ್ನಡದವನಿಗೆ ಗಣಿತದವನೂ ಗಣಿತದವನಿಗೆ ಕನ್ನಡದವನೂ ಬೇಕಾಗುತ್ತಾರೆ. ಖಗೋಳದವರು ಈ ಹಾದಿಯಲ್ಲಿ ಮುಂದೆ ಹೋಗಿದ್ದಾರೆ. ಶಾಸನಗಳಲ್ಲಿ ಬರುವ ಗ್ರಹಣ, ಸಂಕ್ರಮಣಗಳ ಉಲ್ಲೇಖಗಳನ್ನು ಬಿ.ಎಸ್. ಶೈಲಜಾ ಮೊದಲಾದವರು ಒಟ್ಟುಗೂಡಿಸಿ ಪರಿಶೀಲಿಸಿರುವುದು ಇದಕ್ಕೆ ಸಾಕ್ಷಿ.

ಇಂತಹ ವ್ಯಾಸಂಗದ ಕ್ಷೇತ್ರಕಾರ್ಯಕ್ಕೆ ಶಿಕಾರಿಪುರ-ಸೊರಬ ಸೀಮೆಗಿಂತ ಅನುಕೂಲವಾದ ಸ್ಥಳವು ಅಪರೂಪ. ಬಳ್ಳಿಗಾವೆಯಲ್ಲಿ ಪಠ್ಯಪಟ್ಟಿಯ ಶಿಲೆ, ತಾಳಗುಂದದಲ್ಲಿ ತಟಾಕದ ಶಾಸನ, ಬಂದಳಿಕೆಯಲ್ಲಿ ಬಸದಿ, ಅಂಬ್ಲಿಗೊಳದಲ್ಲಿ ಆಧುನಿಕ ಎಂಜಿನಿಯರರು ಕಟ್ಟಿದ ಏರಿ. ಊರಿನ ಕೆರೆಯು ಮಹಾವೀರನ ಹೊಂಡದಂತೆ ಚೌಕವಾಗಿರುವುದಿಲ್ಲ. ಒಂದು ಕಡೆ ಏರಿ, ಮೂರು ಕಡೆ ಏರುನೆಲ. ಅವನ ಸೂತ್ರವು ಮೆಟ್ಟಿಲಿಳಿದ ಕಲ್ಯಾಣಿಗೆ ಒಪ್ಪುತ್ತದೆ, ಕೆರೆಗೆ ಒಪ್ಪದು. ಇದನ್ನು ವಿದ್ಯಾರ್ಥಿಯು ಹಗ್ಗ ಹಿಡಿದು ತಾನೇ ಕಂಡುಕೊಳ್ಳಬೇಕು. ಏರಿಯ ಮಣ್ಣಿನ ಲೆಕ್ಕಕ್ಕೆ ಯಾವ ಸೂತ್ರ, ಅದು ಯಾವ ಗ್ರಂಥದಲ್ಲಿದೆ ಎಂಬ ಪ್ರಶ್ನೆಯು ಆಗ ಅವನಲ್ಲಿ ಹುಟ್ಟುತ್ತದೆ.

ಪಠ್ಯಕ್ಕಾಗಿ ದೂರ ಹೋಗಬೇಕಾಗಿಲ್ಲ. ಪದ್ಮಾವತಮ್ಮನವರು ಕನ್ನಡ ಅನುವಾದ ಟಿಪ್ಪಣಿಗಳೊಡನೆ ಸಿದ್ಧಪಡಿಸಿದ ಗಣಿತಸಾರಸಂಗ್ರಹವು ೨೦೦೦ದಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಹೊಂಬುಜದ ಜೈನಮಠದಿಂದ ಪ್ರಕಟವಾಗಿದೆ. ಪರೀಕ್ಷೆಯ ಬದಲಿಗೆ ವಿದ್ಯಾರ್ಥಿಯು ಅಚ್ಚಾಗದ ಒಂದು ಶಾಸ್ತ್ರಗ್ರಂಥದ ಒಂದೇ ಓಲೆಯನ್ನು ಲಿಪ್ಯಂತರಿಸಿ, ಅಂಕಿಗಳನ್ನು ತಾಳೆನೋಡಿ, ಸಂದೇಹವಿದ್ದ ಪ್ರತಿಯೊಂದು ಗೆರೆಯನ್ನೂ ಗುರುತಿಸಿ ಒಪ್ಪಿಸಲಿ. ಆ ಓಲೆಯ ಛಾಯಾಚಿತ್ರವೂ ಪ್ರತಿಯ ವಿವರವೂ ಅದರೊಡನೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉಳಿಯಲಿ. ಮುಂದಿನ ವರ್ಷದ ವಿದ್ಯಾರ್ಥಿಯು ಅದರ ಮುಂದಿನ ಓಲೆಯಿಂದ ಆರಂಭಿಸುವನು.